ಸೋತವರು ಮಣೆ ಒರೆಸಬೇಕು

ಹಿಂದಿನ ಸೀಟಿನಲ್ಲಿ ಯಾರೋ ತನ್ನದೇ ದನಿಯಲ್ಲಿ ಅತ್ತಿದ್ದು ಕೇಳಿ ಗಂಗಾಂಬಿಕೆ ಗಕ್ಕನೆ ತಿರುಗಿದಳು. ನುಗ್ಗೇಹಳ್ಳಿ ಬಿಟ್ಟ ಬಸ್ಸು ಆಗಷ್ಟೇ ಊರಾಚೆಯ ತೆಂಗಿನ ತೋಟಗಳನ್ನು ದಾಟಿ ಚನ್ನರಾಯಪಟ್ಟಣದ ದಾರಿ ಹಿಡಿದಿತ್ತು. ಹಿಂದೆ ಕೂತಿದ್ದವನು ಇಸ್ತ್ರಿ ಅಂಗಿಯ, ಯಾವುದೋ ಆಫೀಸಿಗೆ ಹೊರಟಂತಿದ್ದ ಗಂಡಸು. ತೊಡೆಯ ಮೇಲೆ ಊಟದ ಡಬ್ಬಿ, ಕೈಯಲ್ಲಿ ಫೋನು. ಪಕ್ಕದವನಿಗೂ ಕೇಳಿಸಲೆಂದು ಅವನು ಅದನ್ನೇ ಇನ್ನೊಮ್ಮೆ ಒತ್ತಿದ. “ಅಯ್ಯಯ್ಯೋ ನನ್ನವ್ವಾ…” ಎಂದು ಫೋನು ಕೂಗಿತು. ಇಬ್ಬರೂ ನಕ್ಕರು.

ಏನದು ಎಂದು ಗಂಗಾಂಬಿಕೆ ಕೇಳಿದಳು. ಅವನು ಖುಷಿಯಿಂದಲೇ ಫೋನನ್ನು ಅವಳ ಮುಖದ ಮುಂದೆ ಹಿಡಿದ. “ಚೌಕಾಬಾರ ಕಣಮ್ಮ, ಹೊಸ ಗೇಮು. ಈ ಮುದ್ಕಿನ ಸೋಲ್ಸುದ್ರೆ ಇಂಗೆ ಬಡ್ಕೋತಳೆ. ಅದ್ನ ಕೇಳಕ್ಕೇ ಆಡ್ತೀವಿ ನಾವು.”

ಗಾಜಿನ ಮೇಲೆ ಚೌಕದ ಮನೆಗಳು, ಅದರ ಪಕ್ಕದಲ್ಲಿ ತಲೆಯ ಮೇಲೆ ಕೈ ಹೊತ್ತ ಒಂದು ಮುದುಕಿ. ಹಣೆಯಲ್ಲಿ ಕಾಸಗಲ ಕುಂಕುಮ, ಹಲ್ಲಿಲ್ಲದ ಬೊಚ್ಚುಬಾಯಿ. ಕೆಳಗೆ ‘ಗಂಗಜ್ಜಿ’ ಎಂದು ಹೆಸರು. ಗಂಗಾಂಬಿಕೆಗೆ ಬಾಯಿ ತುಂಬ ಹಲ್ಲಿದ್ದವು, ಹಣೆಯ ಮೇಲೆ ಎದ್ದು ಕಾಣುವ ವಿಭೂತಿಯಿತ್ತು. ಆ ಮುದುಕಿ ತಾನೇ ಎಂದು ಹೇಳಿದ್ದರೆ ಆ ಮನುಷ್ಯ ನಂಬುತ್ತಿರಲಿಲ್ಲ. ಅವಳು ಹೇಳಲೂ ಇಲ್ಲ. ಕನ್ನಡಕ ಬದಲಾಯಿಸಲು ಹೊರಟಿದ್ದವಳು ಚನ್ನರಾಯಪಟ್ಟಣದಲ್ಲಿ ಇಳಿದು, ಅಂಗಡಿಯ ಕಡೆ ತಲೆಯೂ ಹಾಕದೆ, ಎದುರಿಗೆ ಬಂದ ಬಸ್ಸು ಹತ್ತಿ ಮನೆಗೆ ವಾಪಸಾದಳು.

ಇದೆಲ್ಲ ಶುರುವಾದದ್ದು ಯುಗಾದಿಯ ಆಸುಪಾಸಿನಲ್ಲಿ. ಗಂಗಾಂಬಿಕೆಯ ತಂಗಿಯ ಮಗ ಪರಮೇಶ ಹಾಸನದಲ್ಲಿ ಬೇಕರಿಯೊಂದರ ಮಹಡಿಯ ಮೇಲೆ ಸಣ್ಣ ಆಫೀಸು ಇಟ್ಟುಕೊಂಡಿದ್ದ. ಮೊದಲು ಬಟ್ಟೆ ಅಂಗಡಿಯವರಿಗೆ ಜಾಹೀರಾತು ಮಾಡಿಕೊಡುತ್ತಿದ್ದವನಿಗೆ, ಮರೆತುಹೋಗುತ್ತಿರುವ ಮಣೆ ಆಟಗಳನ್ನೆಲ್ಲ ಫೋನಿಗೆ ತರಬೇಕೆಂಬ ಉಮೇದು ಹುಟ್ಟಿತ್ತು. ಅದು ಕೆಟ್ಟ ಉಮೇದೇನೂ ಅಲ್ಲ. ದೊಡ್ಡವ್ವನಷ್ಟು ಚೌಕಾಬಾರ ಆಡುವವರು ಈ ಸೀಮೆಯಲ್ಲೇ ಇಲ್ಲ, ಆಟದೊಳಗೆ ನಿಮ್ಮ ದನಿಯೇ ಇರಬೇಕು ಎಂದು ಅವನು ಬೆಣ್ಣೆ ಹಚ್ಚಿದ. ಗಂಡ ಈಶ್ವರಯ್ಯನವರು ದಿನಸಿ ಅಂಗಡಿಯಲ್ಲಿ ಕೂತು, ಬಂದ ಗಿರಾಕಿಗಳಿಗೆಲ್ಲ ಹೆಂಡತಿ ಇನ್ನೇನು ಸಿನಿಮಾಕ್ಕೇ ಹೋದಳೆನ್ನುವಂತೆ ಹೇಳಿಕೊಂಡರು. ಗಂಗಾಂಬಿಕೆಯೂ ಹಿಗ್ಗಿದ್ದಳು, ಸುಳ್ಳೇಕೆ.

ದನಿ ಹಿಡಿದುಕೊಳ್ಳಲು ಪರಮೇಶನ ಆಫೀಸಿನಿಂದ ಮಾನಸಾ ಎಂಬ ಹುಡುಗಿ ಬಂದಳು. ಅರಕಲಗೂಡಿನವಳು, ಮೆಲುಮಾತಿನವಳು, ಕೊಟ್ಟ ಮಜ್ಜಿಗೆಯನ್ನು ಪೂರ್ತಿ ಕುಡಿದು ಲೋಟ ತೊಳೆದಿಟ್ಟವಳು. ಅಷ್ಟಕ್ಕೇ ಗಂಗಾಂಬಿಕೆಗೆ ಅವಳ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ಸೆರಗಿನ ಅಂಚಿಗೆ ಕಡಲೆಕಾಳಿನಷ್ಟು ಮೈಕು ಸಿಕ್ಕಿಸಿ, ಜಗಲಿಯ ಮೇಲೆ ಕೂರಿಸಿಕೊಂಡು, ಆಡುವಾಗ ಏನೇನು ಹೇಳುತ್ತೀರೋ ಅದನ್ನೆಲ್ಲ ಹೇಳಿ ಅಜ್ಜಿ ಎಂದಳು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಕಟ್ಟೆಯ ಮನೆಯಲ್ಲಿ ಕೂತ ಕಾಯನ್ನು ಯಾರೂ ಕಡಿಯುವಂತಿಲ್ಲ, ನಡುಮನೆ ಸೇರಿದ ಕಾಯಿ ಹಣ್ಣು. ಗಂಗಾಂಬಿಕೆ ಒಂದೊಂದಕ್ಕೂ ಒಂದೊಂದು ಮಾತು ಹೇಳಿದಳು. ಕಡಿಯುವಾಗ ಹೇಳುವ ಮಾತು ಹೇಳಿ ತಾನೇ ನಕ್ಕಳು.

ಸೋತಾಗ ಏನನ್ನುತ್ತೀರಿ ಎಂದು ಮಾನಸಾ ಕೇಳಿದಳು. ಏನೂ ಅನ್ನುವುದಿಲ್ಲ ಎಂದಳು ಗಂಗಾಂಬಿಕೆ. ಆ ಬೀದಿಯ ಕಟ್ಟಳೆಯೇ ಹಾಗೆ. ಸೋತವರು ತುಟಿ ಬಿಚ್ಚಬಾರದು. ಒದ್ದೆ ಬಟ್ಟೆ ತಂದು ಮಣೆ ಒರೆಸಿ, ಸೀಮೆಸುಣ್ಣದಿಂದ ಹೊಸದಾಗಿ ಮನೆ ಬರೆದು, ಗೆದ್ದವರ ಮುಂದೆ ಇಡಬೇಕು. ಸೋಲಿಗೆ ಅಷ್ಟೇ ಶಿಕ್ಷೆ, ಅಷ್ಟೇ ಮರ್ಯಾದೆ. ಅವಳ ಅತ್ತೆಯ ಕಾಲದಿಂದ ಹೀಗೇ ನಡೆದುಬಂದಿತ್ತು.

ಆಗ ಮಾನಸಾಳ ಕಣ್ಣು ಪಡಸಾಲೆಯ ಟ್ರಂಕಿನ ಮೇಲಿದ್ದ ಮಣೆಯ ಮೇಲೆ ಬಿತ್ತು. ಹಲಸಿನ ಮಣೆ, ಅದರ ಮೇಲೆ ಮಾಸಿದ ಗೆರೆಗಳು, ಗೆರೆಗಳ ನಡುವೆ ಒಂದು ಹಸಿರು ಬಳೆಚೂರು, ಒಂದು ಹುಣಸೆಬೀಜ. ಆಟ ಅರ್ಧಕ್ಕೇ ನಿಂತಿದೆಯಲ್ಲ ಅಜ್ಜಿ ಎಂದು ಅವಳು ಕೇಳಿದಳು. ಗಂಗಾಂಬಿಕೆ ಹೇಳಬೇಕಾಯಿತು.

ಪಕ್ಕದ ಮನೆಯ ಶಾಂತಕುಮಾರಿಯೂ ಅವಳೂ ಸೊಸೆಯರಾಗಿ ಆ ಬೀದಿಗೆ ಬಂದ ಕಾಲದಿಂದ ಮಧ್ಯಾಹ್ನದ ಊಟವಾದ ಮೇಲೆ ಮಣೆಯ ಆಚೆ ಈಚೆ ಕೂತವರು. ಹೆರಿಗೆ, ಸೂತಕ ಬಿಟ್ಟರೆ ಆಟ ತಪ್ಪಿಸಿದವರಲ್ಲ. ಹೋದ ಕಾರ್ತಿಕದಲ್ಲಿ, ಶಾಂತಕುಮಾರಿಗೆ ಒಂದೇ ಕಾಯಿ ಉಳಿದಿತ್ತು, ಹಣ್ಣಾಗಲು ಮೂರು ಬೀಳಬೇಕಿತ್ತು. ಕವಡೆಗಳನ್ನು ಮುಷ್ಟಿಯಲ್ಲಿ ಕುಲುಕುತ್ತ ಕುಲುಕುತ್ತ ಅವಳು ಕಂಬಕ್ಕೆ ಒರಗಿದಳು. ಬೇಕೆಂದೇ ನಾಟಕ ಮಾಡುತ್ತಿದ್ದಾಳೆಂದುಕೊಂಡು ಗಂಗಾಂಬಿಕೆ ಬೈದಳು. ಎರಡನೆಯ ಸಲ ಬೈಯುವಾಗ ಗೊತ್ತಾಯಿತು. ಆಗ ಬಾಯಿಂದ ಬಂದ ಕೂಗು ಅದು. ಮಾನಸಾಳಿಗೆ ಇದನ್ನೆಲ್ಲ ಹೇಳುತ್ತಿದ್ದಾಗ ಅದೇ ಕೂಗು ಅವಳಿಗೇ ಗೊತ್ತಿಲ್ಲದೆ ಮತ್ತೆ ಬಂದುಬಿಟ್ಟಿತ್ತು. ಮಾನಸಾ ಕೈ ಹಿಡಿದುಕೊಂಡು ಸಮಾಧಾನ ಮಾಡಿದ್ದಳು. ಸೆರಗಿನಲ್ಲಿ ಮೈಕು ಇರುವುದು ಇಬ್ಬರಿಗೂ ಮರೆತುಹೋಗಿತ್ತು. ಇಬ್ಬರಿಗೂ ಎಂದು ಗಂಗಾಂಬಿಕೆ ಇಷ್ಟು ದಿನ ನಂಬಿದ್ದಳು.

ಮನೆಗೆ ಬಂದವಳೇ ಸೊಸೆ ತೇಜಶ್ರೀಯ ಫೋನಿಗೆ ಆ ಆಟ ಹಾಕಿಸಿ, ಪಕ್ಕದಲ್ಲಿ ಕೂತು ಆಡಿಸಿದಳು. ನೋಡುತ್ತ ನೋಡುತ್ತ ಅವಳ ಮೈ ಉರಿಯತೊಡಗಿತು. ಫೋನಿನ ಗಂಗಜ್ಜಿ ಕಟ್ಟೆಯಲ್ಲಿ ಕ್ಷೇಮವಾಗಿ ಕೂತಿದ್ದ ಕಾಯನ್ನು ಎಬ್ಬಿಸಿಕೊಂಡು ಬಂದು, ಎದುರಾಳಿಯ ಕಾಯಿಯ ಮುಂದೆ ಬೇಕೆಂದೇ ನಿಲ್ಲಿಸಿ ಕಡಿಸಿಕೊಳ್ಳುತ್ತಿದ್ದಳು. ನಿನ್ನೆ ಮೊನ್ನೆ ಆಟ ಕಲಿತವರೂ ಹೀಗೆ ಆಡುವುದಿಲ್ಲ. ಒಮ್ಮೆಯೂ ಚೌಕಾಬಾರ ಆಡದ ತೇಜಶ್ರೀ ಎರಡು ಆಟ ಗೆದ್ದಳು. ಎರಡು ಸಲವೂ ಮುದುಕಿ ತಲೆಯ ಮೇಲೆ ಕೈ ಹೊತ್ತು ಶಾಂತಕುಮಾರಿಗಾಗಿ ಅತ್ತಳು. ಮೂರನೆಯದನ್ನು ಆಡಬೇಡವೆಂದು ಗಂಗಾಂಬಿಕೆ ಫೋನನ್ನು ಮಗುಚಿಟ್ಟಳು.

ಈಶ್ವರಯ್ಯನವರು ಹೋಗಲಿ ಬಿಡು, ಹೆಸರಾದರೂ ಬಂತಲ್ಲ ಎಂದರು. ಅವತ್ತು ರಾತ್ರಿ ಅವರಿಗೆ ಮುದ್ದೆಗೆ ಸಾರು ಬೀಳಲಿಲ್ಲ. ತಾವೇ ಎದ್ದು ಬಡಿಸಿಕೊಂಡರು.

ಮಾರನೆಯ ಬೆಳಗ್ಗೆ ಹೊಳೆನರಸೀಪುರದಿಂದ ಅನುಶ್ರೀಯ ಫೋನು ಬಂತು. ಅನುಶ್ರೀ ಶಾಂತಕುಮಾರಿಯ ಮಗಳು, ಅಲ್ಲಿ ಹೈಸ್ಕೂಲಿನಲ್ಲಿ ಮೇಡಂ. ಗಂಗಾಂಬಿಕೆಯ ಮಡಿಲಲ್ಲಿ ಬೆಳೆದವಳು. ತಾಯಿ ತೀರಿದ ದಿನ ಬಾಣಂತನಕ್ಕೆಂದು ಊರಲ್ಲೇ ಇದ್ದವಳು ಈ ಕೂಗು ಕೇಳಿಯೇ ಮಗುವನ್ನು ಎತ್ತಿಕೊಂಡು ಜಗಲಿಗೆ ಓಡಿಬಂದಿದ್ದಳು. ಹೆಣದ ಮುಷ್ಟಿ ಬಿಡಿಸಿ ಆ ನಾಲ್ಕು ಕವಡೆಗಳನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದವಳೂ ಅವಳೇ. ಅವಳು ಕ್ಷೇಮಸಮಾಚಾರ ಕೇಳಲಿಲ್ಲ.

“ದೊಡ್ಡಮ್ಮ, ನಮ್ಮ ಸ್ಟಾಫ್ ರೂಮಲ್ಲಿ ಎಲ್ಲಾರೂ ಅದನ್ನ ಹಾಕ್ಕೊಂಡು ನಗ್ತಾವ್ರೆ. ನಾನು ಅಲ್ಲೇ ಕೂತಿದ್ದೆ,” ಎಂದಳು. ಸ್ವಲ್ಪ ತಡೆದು, “ನಮ್ಮಮ್ಮ ಸತ್ತಿದ್ದನ್ನ ಆಟಕ್ಕೆ ಕೊಟ್ಬುಟ್ರಾ ನೀವು?” ಎಂದಳು.

ಅಷ್ಟು ಹೇಳಿ ಅನುಶ್ರೀ ಫೋನು ಇಟ್ಟಳು. ಗಂಗಾಂಬಿಕೆ ತಿರುಗಿ ಮಾಡಿದರೆ ಎತ್ತಲಿಲ್ಲ.

ಕೋಪ ಅಲ್ಲಿಯವರೆಗೆ ಎದೆಯಲ್ಲಿತ್ತು, ಈಗ ಕಾಲಿಗೆ ಬಂತು. ಯಾರಿಗೂ ಹೇಳದೆ ಕೇಳದೆ ಸೀರೆ ಬದಲಾಯಿಸಿ, ಚಪ್ಪಲಿ ಮೆಟ್ಟಿ ಹೊರಟಳು. ಹಾಸನದವರೆಗೂ ಕಿಟಕಿಯ ಹೊರಗೆ ಏನಿತ್ತೋ ಅವಳಿಗೆ ಗೊತ್ತಿಲ್ಲ. ಒಬ್ಬರ ಮನೆಯ ಹಿತ್ತಲಲ್ಲಿ ನಿಂಬೆಹಣ್ಣು ಕಿತ್ತರೂ ಕಳ್ಳತನ ಎನ್ನುವ ಜನ, ಒಬ್ಬರ ಗಂಟಲಿನಿಂದ ಅಳುವನ್ನೇ ಕಿತ್ತುಕೊಂಡು ಊರೂರಿಗೆ ಹಂಚಿದ್ದನ್ನು ಏನೆಂದು ಕರೆಯುತ್ತಾರೆ? ಯಾವ ಸ್ಟೇಷನ್ನಿನಲ್ಲಿ ಹೋಗಿ ಏನೆಂದು ಬರೆಸುವುದು?

ಪರಮೇಶ ದೊಡ್ಡವ್ವನನ್ನು ಕಂಡು ಎದ್ದು ನಿಂತ. ಮೆತ್ತನೆಯ ಕುರ್ಚಿ ತರಿಸಿದ, ಕೆಳಗಿನ ಬೇಕರಿಯಿಂದ ಕಾಫಿ ಹೇಳಿದ. ಆಟ ಎಷ್ಟು ಜನರ ಫೋನು ಸೇರಿದೆಯೆಂದು ಕಂಪ್ಯೂಟರ್ ತಿರುಗಿಸಿ ತೋರಿಸಿದ. ಅವನ ಮಾತು ಮುಗಿದ ಮೇಲೆ ಗಂಗಾಂಬಿಕೆ, ನಾನು ಸೋತಾಗ ಕಿರುಚಿದ್ದನ್ನು ನೀನು ಯಾವತ್ತಾದರೂ ಕೇಳಿದ್ದೀಯಾ ಎಂದು ಕೇಳಿದಳು.

ಪರಮೇಶ ಬಗೆಬಗೆಯಾಗಿ ವಿವರಿಸಿದ. ಫೋನಿನಲ್ಲಿ ಮಣೆ ಒರೆಸುತ್ತ ಕೂತರೆ ಯಾರು ಕಾಯುತ್ತಾರೆ, ಒಂದು ಸಲ ಬೆರಳು ಒತ್ತಿದರೆ ಮುಂದಿನ ಆಟ ಬರಬೇಕು. ಹೊಸಬರು ಮೊದಲ ಆಟ ಗೆಲ್ಲದಿದ್ದರೆ ಎದ್ದುಹೋಗುತ್ತಾರೆ, ಅದಕ್ಕೇ ಗಂಗಜ್ಜಿ ಸೋಲಲೇಬೇಕು. ಗೆದ್ದವನಿಗೆ ಗೆದ್ದೆ ಅನ್ನಿಸಬೇಕಾದರೆ ಸೋತವರ ಕಡೆಯಿಂದ ಏನಾದರೂ ಕೇಳಿಸಬೇಕು. ಸೋಲಿಗೆಂದು ನೀವು ಒಂದು ಮಾತೂ ಹೇಳಿರಲಿಲ್ಲವಲ್ಲ ಎಂದ, ತಪ್ಪು ಅವಳದೇ ಎನ್ನುವ ಹಾಗೆ.

“ಬರೀ ಮೂರು ಸೆಕೆಂಡು ಅದು, ದೊಡ್ಡವ್ವ.”

“ಅವ್ಳ ಜೀವ ಓಗಕ್ಕೂ ಅಷ್ಟೇ ಒತ್ತಾಗಿದ್ದು ಕಣ್ಲಾ,” ಎಂದಳು ಗಂಗಾಂಬಿಕೆ.

ಪರಮೇಶನಿಗೆ ಅರ್ಥವಾಗಲಿಲ್ಲ. ಮಾನಸಾ ಹಿಡಿದು ತಂದ ದನಿಯನ್ನು ಅವನು ಪೂರ್ತಿ ಕೇಳಿಸಿಕೊಂಡಿರಲೇ ಇಲ್ಲ. ಯಾರ ಜೀವ ಎಂದು ಮಾನಸಾಳ ಕಡೆ ನೋಡಿದ. ಮಾನಸಾ ಮೂಲೆಯ ಕಂಪ್ಯೂಟರಿನ ಹತ್ತಿರ ಆಗಲೇ ಎದ್ದು ನಿಂತಿದ್ದಳು.

ಅದನ್ನು ಕತ್ತರಿಸಿದ್ದು ಯಾರು ಎಂದು ಗಂಗಾಂಬಿಕೆ ಕೇಳಿದಳು. ನಾನೇ ಅಜ್ಜಿ ಎಂದಳು ಮಾನಸಾ.

“ಇಂದ್ಲದು ಮುಂದ್ಲದು ಎಲ್ಲಾನೂ ಕೇಳುಸ್ಕಂಡೇ ಕತ್ರಿಸ್ದಾ?”

“ಹೂಂ, ಅಜ್ಜಿ.”

ಇಲ್ಲ ಎಂದಿದ್ದರೆ ಗಂಗಾಂಬಿಕೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದಳೇನೋ. ಗೊತ್ತಿಲ್ಲದೆ ಆದದ್ದನ್ನು ಕ್ಷಮಿಸುವುದು ಸುಲಭ. ಲೋಟ ತೊಳೆದಿಟ್ಟ ಹುಡುಗಿ, ಕೈ ಹಿಡಿದುಕೊಂಡು ಅಳಬೇಡಿ ಅಜ್ಜಿ ಎಂದ ಹುಡುಗಿ, ಅದೇ ಕೈಯಿಂದ ಸಾವನ್ನು ಅಳತೆ ನೋಡಿ ಕತ್ತರಿಸಿ ಆಟಕ್ಕೆ ಹೊಲಿದಿದ್ದಳು. ಬೇರೆ ಯಾವುದೂ ಅಷ್ಟು ನಿಜವಾಗಿ ಇರಲಿಲ್ಲ ಎಂದು ಮಾನಸಾ ಅಸ್ಪಷ್ಟವಾಗಿ ಹೇಳಿದಳು. ಹೇಳಿ ಮುಗಿಸುವ ಮೊದಲೇ ಅದು ಎಂಥ ಮಾತೆಂದು ಅವಳಿಗೇ ಗೊತ್ತಾಗಿ ತಲೆ ತಗ್ಗಿಸಿದಳು.

ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಗಂಗಾಂಬಿಕೆ ಅದನ್ನು ಮುಟ್ಟಲಿಲ್ಲ. ತೆಗೆಯುವವರೆಗೂ ಈ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದಳು. ಮುಂದಿನ ತಿಂಗಳು ಹೇಗೂ ಬದಲಾಯಿಸುವುದಿದೆ, ಆಗ ನೋಡೋಣ ಎಂದು ಪರಮೇಶ ರಾಗ ಎಳೆದ. ಅವಳು ಸೆರಗು ಹೊದ್ದು ಭದ್ರವಾಗಿ ಕೂತಳು. ಪರಮೇಶ ಅಮ್ಮನಿಗೆ ಫೋನು ಮಾಡಿದ. ಅವನ ತಾಯಿ ಎಲ್ಲ ಕೇಳಿ, ಅಕ್ಕನನ್ನು ಎಬ್ಬಿಸುವ ಬದಲು ಮಗನಿಗೇ ಬೈದಳು. ಆಮೇಲೆ ಅವನು ಮಾನಸಾಳಿಗೆ ಸನ್ನೆ ಮಾಡಿದ.

ಮಧ್ಯಾಹ್ನ ಕಳೆದು ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಮುಗಿಯಿತು. ಮಾನಸಾ ತನ್ನ ಫೋನಿನಲ್ಲಿ ಆಡಿ ಗೆದ್ದು ತೋರಿಸಿದಳು. ಮುದುಕಿ ತಲೆಯ ಮೇಲೆ ಕೈ ಹೊತ್ತಳು, ಬಾಯಿ ತೆರೆದಳು, ದನಿ ಬರಲಿಲ್ಲ.

ಇನ್ನು ಎಲ್ಲೂ ಕೇಳಿಸುವುದಿಲ್ಲವೇ ಎಂದು ಗಂಗಾಂಬಿಕೆ ಕೇಳಿದಾಗ ಮಾನಸಾ ಸುಳ್ಳು ಹೇಳಲಿಲ್ಲ. ಆಟದಿಂದ ಹೋಯಿತು. ಆದರೆ ಜನ ಅದನ್ನು ಹಿಡಿದಿಟ್ಟುಕೊಂಡಿದ್ದಾರೆ, ಒಬ್ಬರಿಂದೊಬ್ಬರಿಗೆ ಕಳಿಸಿದ್ದಾರೆ, ಕೆಲವರು ರಿಂಗ್‌ಟೋನು ಮಾಡಿಕೊಂಡಿದ್ದಾರೆ. ಅದನ್ನು ಯಾರೂ ವಾಪಸು ಕರೆಯಲಾಗುವುದಿಲ್ಲ.

ಇಷ್ಟು ಸಿಟ್ಟು ಹೊತ್ತು ಇಷ್ಟು ದೂರ ಬಂದು, ಇಳಿಸಲು ಜಾಗವೇ ಇಲ್ಲವೆಂದರೆ ಮನುಷ್ಯರು ಏನು ಮಾಡಬೇಕು? ಕಡೆಗೆ ಗಂಗಾಂಬಿಕೆ ಎದ್ದು, ಮಾನಸಾಳ ಎದುರು ನಿಂತಳು.

“ಒಳೆನರಸೀಪುರಕ್ಕೆ ಓಗು. ಅನುಶ್ರೀ ಅಂತ, ಅವ್ಳ ಮಗ್ಳು. ನಾನು ಕೊಟ್ಟಿದ್ದಲ್ಲ, ನೀನು ತಗಂಡಿದ್ದು ಅಂತ ನಿನ್ ಬಾಯಲ್ಲೇ ಏಳು. ಫೋನಲ್ಲಲ್ಲ, ಎದ್ರಿಗೆ ನಿಂತು.”

ನಾನೇ ಮಾತಾಡುತ್ತೇನೆ ಬಿಡಿ ಎಂದು ಪರಮೇಶ ನಡುವೆ ಬಂದ. ಅವಳು ಅವನ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದಳು.

ಮುಂದಿನ ಭಾನುವಾರ ಊಟ ಮುಗಿಸಿ ಗಂಗಾಂಬಿಕೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಾಗ ಮಾನಸಾ ಬಂದಳು. ಗಂಗಾಂಬಿಕೆ ಕಾಯಿ ಸುಲಿಯುತ್ತಲೇ ಇದ್ದಳು. ಮಾನಸಾ ಜಗಲಿಯ ಅಂಚಿನಲ್ಲಿ ಕೂತು ತಾನೇ ಹೇಳಿದಳು. ಅನುಶ್ರೀ ಮೇಡಂ ಬಾಗಿಲಲ್ಲೇ ನಿಲ್ಲಿಸಿಕೊಂಡು ಕೇಳಿದರಂತೆ. ಒಂದು ಮಾತೂ ಬೈಯಲಿಲ್ಲವಂತೆ, ಬೈದಿದ್ದರೆ ಚೆನ್ನಾಗಿತ್ತಂತೆ. ಒಳಗೆ ಹೋಗಿ ಬಹಳ ಹೊತ್ತು ಬರಲೇ ಇಲ್ಲವಂತೆ. ಬಂದಾಗ ಇದನ್ನು ಕೊಟ್ಟರು ಎಂದು ಮಾನಸಾ ಚೀಲದಿಂದ ಒಂದು ಸಣ್ಣ ಗಂಟು ತೆಗೆದಳು. ಹಳೆಯ ಸೀರೆಯ ಚೂರಿನಲ್ಲಿ ಕಟ್ಟಿದ್ದ ನಾಲ್ಕು ಕವಡೆ.

“ಆಟ ಮುಗಿಸ್ಬಿಡಿ ಅಂತ ದೊಡ್ಡಮ್ಮಂಗೆ ಹೇಳಿ ಅಂದ್ರು.”

ಗಂಗಾಂಬಿಕೆ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ, ಕವಡೆಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿದಳು. ಆಮೇಲೆ ಒಳಗೆ ಹೋಗಿ ಮಣೆ ತಂದಳು. ತುಂಬಿದ ಕೊಡ ಹೊತ್ತವರಂತೆ ಅಲುಗಿಸದೆ ತಂದು ಜಗಲಿಯ ಮೇಲೆ ಇಳಿಸಿದಳು. ಬಳೆಚೂರು ತನ್ನ ಮನೆಯಲ್ಲೇ ಇತ್ತು, ಹುಣಸೆಬೀಜ ತನ್ನ ಮನೆಯಲ್ಲೇ ಇತ್ತು. ಬಳೆಚೂರು ಹಣ್ಣಾಗಲು ಮೂರು ಬೇಕು, ಹುಣಸೆಬೀಜಕ್ಕೆ ಒಂದೇ ಒಂದು. ಅವಳು ಮಾನಸಾಳಿಗೆ ಕಂಬದ ಕಡೆಯ ಜಾಗ ತೋರಿಸಿ, ಕವಡೆಗಳನ್ನು ಅವಳ ಅಂಗೈಗೆ ಹಾಕಿದಳು.

“ನನ್ಗೆ ಆಡಕ್ಕೆ ಬರಲ್ಲ ಅಜ್ಜಿ,” ಎಂದಳು ಮಾನಸಾ. ಆಟವನ್ನು ಫೋನಿಗೆ ಇಳಿಸಿದವಳು ಹೇಳಿದ ಮಾತು ಇದು.

“ಅವ್ಳ ಸರದಿ. ಬುಡು.”

ಮಾನಸಾ ಕುಲುಕಿ ಬಿಟ್ಟಳು. ಎರಡು ಬಿತ್ತು. ಬಳೆಚೂರನ್ನು ಎರಡು ಮನೆ ನಡೆಸಿದಳು. ಇನ್ನು ಒಂದೇ ಮನೆ. ಗಂಗಾಂಬಿಕೆ ಕವಡೆ ಎತ್ತಿಕೊಂಡಳು. ತನಗೆ ಒಂದು ಬೀಳಬಾರದೆಂದು ಅವಳಿಗೆ ಅನ್ನಿಸಿತು. ಆದರೆ ಬೇಕೆಂದು ಸೋಲುವುದು ಅವಳಿಗೆ ಬರುತ್ತಿರಲಿಲ್ಲ, ಶಾಂತಕುಮಾರಿ ಅದನ್ನು ಸಹಿಸುತ್ತಲೂ ಇರಲಿಲ್ಲ. ಎಂದಿನಂತೆಯೇ ಕುಲುಕಿ ಬಿಟ್ಟಳು. ಚೌಕ ಬಿತ್ತು. ಬೇಡದ ಗರ, ಆದರೆ ಇನ್ನೊಂದು ಸಲ ಆಡಬಹುದು. ಮತ್ತೆ ಬಿಟ್ಟಳು. ಮೂರು ಕವಡೆ ಬೋರಲು, ಒಂದು ಅಂಗಾತ.

ಹುಣಸೆಬೀಜವನ್ನು ನಡುಮನೆಗೆ ಇಟ್ಟು ಅವಳು ಕಂಬದ ಕಡೆ ನೋಡಿದಳು. ಗೆದ್ದಾಗ ಹೇಳುವ ಮಾತು ಬಾಯಿಗೆ ಬರಲಿಲ್ಲ.

ಮಾನಸಾ ತಡವರಿಸುತ್ತ ಎದ್ದಳು. ಪರಮೇಶ ಸರ್ ಕೇಳಿಕೊಂಡು ಬಾ ಎಂದಿದ್ದಾರೆ, ಸೋತಾಗ ಈಗ ದನಿಯೇ ಇಲ್ಲ, ಆ ಜಾಗದಲ್ಲಿ ಏನಾದರೂ ಒಂದು ಹಾಕಬೇಕು, ಏನು ಹಾಕೋಣ ಎಂದು ನೆಲ ನೋಡುತ್ತ ಕೇಳಿದಳು. ಗಂಗಾಂಬಿಕೆ ಬಚ್ಚಲಿಗೆ ಹೋಗಿ ಒಂದು ಬಟ್ಟೆ ಹಿಂಡಿಕೊಂಡು ಬಂದಳು. ಬಳೆಚೂರನ್ನೂ ಹುಣಸೆಬೀಜವನ್ನೂ ತನ್ನ ಅಂಗೈಗೆ ತೆಗೆದುಕೊಂಡು, ಬಟ್ಟೆಯನ್ನು ಮಾನಸಾಳ ಕೈಗಿಟ್ಟಳು.

ಮಾನಸಾ ಮೊಣಕಾಲೂರಿ ಕೂತು ಒರೆಸತೊಡಗಿದಳು. ಕಾರ್ತಿಕದಿಂದ ಕೂತಿದ್ದ ಗೆರೆಗಳು ಸುಲಭವಾಗಿ ಹೋಗಲಿಲ್ಲ, ತಿಕ್ಕಬೇಕಾಯಿತು. ಅರ್ಧ ಮಣೆ ಒರೆಸಿದ್ದಳು. ಆಗ ಬೀದಿಯಲ್ಲಿ ಯಾರೋ ಬೈಕಿನ ಮೇಲೆ ಹೋಗುತ್ತಿದ್ದವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ‘ಅಯ್ಯಯ್ಯೋ ನನ್ನವ್ವಾ, ಅಯ್ಯಯ್ಯೋ ನನ್ನವ್ವಾ’ ಎಂದು ಕೂಗುತ್ತಲೇ ಬೈಕು ಮೂಲೆ ತಿರುಗಿತು.

ಮಾನಸಾಳ ಕೈ ಮಣೆಯ ಮೇಲೆ ನಿಂತುಹೋಯಿತು. ಅವಳು ತಲೆಯೆತ್ತಲಿಲ್ಲ.

“ನಿಲ್ಲುಸ್ಬ್ಯಾಡ,” ಎಂದಳು ಗಂಗಾಂಬಿಕೆ. “ಒರ್ಸು.”

ಅಂಗೈಯಲ್ಲಿದ್ದ ಹಸಿರು ಬಳೆಚೂರನ್ನು ಮುಚ್ಚಿ ಹಿಡಿದು, ಪಕ್ಕದಲ್ಲಿದ್ದ ಸೀಮೆಸುಣ್ಣದ ತುಂಡನ್ನು ಅವಳ ಕಡೆಗೆ ಸರಿಸಿದಳು.